ಮರ್ಜರ್ ಕಾಲದ ಒಂದು ಕಲ್ಲು

ಮೊನ್ನೆ ಪಾಲಿಬೆಟ್ಟದ ಬಸ್ಸಿನಲ್ಲಿ ಇಬ್ಬರ ಸೀಟಿಗೆ ಮೂರನೆಯವನಾಗಿ ಕೂತಿದ್ದೆ. ಕಂಡಕ್ಟರ್ ಇನ್ನೊಬ್ಬರನ್ನು ಕರೆತಂದು, "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಎಂದ. ಕಿಟಕಿ ಪಕ್ಕದ ಮುದುಕಿ ರೇಗಿದಳು: "ಇನ್ನೆಂತ ಅಡ್ಜಸ್ಟ್? ನನ್ನ ಒಂದು ಕಾಲು ಆಗಲೇ ಮಾಕುಟ್ಟ ದಾಟಿ ಕೇರಳಕ್ಕೆ ಹೋಗಿ ಆಯ್ತು!" ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಆ ಅಡ್ಜಸ್ಟ್ ಎಂಬ ಪದ ಮಾತ್ರ ಕಿವಿಯಲ್ಲೇ ಉಳಿಯಿತು. ಅದನ್ನು ನಾನು ಮೊದಲು ಕೇಳಿದ್ದು ಅಪ್ಪನ ಬಾಯಲ್ಲಿ.

ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಎರಡು ಸೇರಿ ಒಂದಾಗುವುದನ್ನು ಹೇಳುವ ಇಂಗ್ಲಿಷ್ ಪದಗಳೆಂದರೆ ಪ್ರಾಣ. ಯೂನಿಯನ್, ಜಾಯಿಂಟ್, ಕಂಬೈಂಡ್. ಅಮಾಲ್ಗಮೇಷನ್ ಎನ್ನುವಾಗ ನಡುವೆ ಒಮ್ಮೆ ಉಸಿರು ತೆಗೆದುಕೊಳ್ಳುತ್ತಿದ್ದರು. ಐವತ್ತರ ದಶಕದ ಮೊದಲ ವರ್ಷಗಳು, ಕೊಡಗು ಆಗ ಪ್ರತ್ಯೇಕ ರಾಜ್ಯ. ಅದು ಮೈಸೂರಿಗೆ ಸೇರಬೇಕೋ ಬೇಡವೋ ಎಂಬುದು ಎಲ್ಲರ ಜಗಲಿಯ ಮಾತು. ಅಪ್ಪ ಸೇರಲೇಬೇಕೆನ್ನುವ ಕಟ್ಟಾ ಮರ್ಜರ್ ಪಕ್ಷ. ಮೈಸೂರಿನಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಬರುವಾಗ, ಬೇರೆಯವರ ಮಕ್ಕಳು ಮೈಸೂರುಪಾಕು ತರುವ ಹಾಗೆ, ಅವರಿಗೆ ಒಂದೆರಡು ಹೊಸ ಪದ ತರುತ್ತಿದ್ದೆ. ದೊಡ್ಡ ದೇಶಸೇವೆ ಮಾಡಿದೆನೆಂಬ ಭಾವನೆ ನನಗೂ ಇತ್ತು.

ಪಕ್ಕದ ತೋಟದ ಬೋಪಯ್ಯ ಮಾವ ಕೊಡವರು, ನಾವು ಅರೆಭಾಷೆ ಮಾತಾಡುವ ಗೌಡರು. ಅವರು ಮರ್ಜರ್‌ಗೆ ವಿರೋಧ. ಹಾಗಿದ್ದೂ ಸಂಜೆಯ ಕಾಫಿ ಮಾತ್ರ ನಮ್ಮ ಜಗಲಿಯಲ್ಲೇ.

"ಗೌಡ್ರೆ, ಚಿಕೋರಿ ಬೆರೆಸಿದ ಮೇಲೆ ಕಾಫಿಯನ್ನು ಯಾರು ಕೇಳ್ತಾರೆ?" ಎಂದು ಅವರು ಕೆಣಕುವರು.

"ಕುಡಿಯುವವನಿಗೆ ರುಚಿ ಆದ್ರೆ ಸಾಲದಾ?" ಎಂದು ಅಪ್ಪ.

"ಕುಡಿಯುವವನಿಗೆ ಸರಿ. ನಾನು ಕೇಳಿದ್ದು ಬೀಜದ ಕತೆ."

ಹೀಗೆ ದಿನವೂ ಜಗಳ, ದಿನವೂ ಇನ್ನೊಂದು ಲೋಟ.

ಅಂಥ ಒಂದು ರಜೆಯಲ್ಲಿ ದೇವಕಿ ಅಕ್ಕ ಟ್ರಂಕು ಹಿಡಿದು ಬಂದಳು. ಅವಳ ಗಂಡ ಪಾಲಿಬೆಟ್ಟದ ಕಡೆಯ ಎಸ್ಟೇಟೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಹಗಲು ಒಳ್ಳೆಯವನು, ಕುಡಿದ ಮೇಲೆ ಬೇರೆ ಮನುಷ್ಯ. ಅಕ್ಕನ ತೋಳಿನಲ್ಲಿ ಕಂಡದ್ದರ ಮೇಲೆ ಅವ್ವ ಸೆರಗು ಎಳೆದು ಮುಚ್ಚಿದಳು. ಇನ್ನು ಅಲ್ಲಿಗೆ ಹೋಗಲಾರೆ, ಇಲ್ಲೇ ಇರುತ್ತೇನೆ ಎಂದು ಅಕ್ಕ ಹೇಳಿದಳು. ಅಪ್ಪ, "ಸ್ವಲ್ಪ ಅಡ್ಜಸ್ಟ್ ಮಾಡೊಕು ಮಗಳೇ. ಸಂಸಾರ ಅಂದ್ರೆ ಒಂದು ಯೂನಿಯನ್" ಎಂದರು. ಕೆಟ್ಟ ದನಿಯಲ್ಲಿ ಹೇಳಲಿಲ್ಲ. ನಿಜವಾಗಿ ನಂಬಿಯೇ ಹೇಳಿದರು. ನನಗೆ ಈಗಲೂ ನೋವಾಗುವುದು ಅದಕ್ಕೇ.

ಕೊಡವರಲ್ಲಿ ಒಂದು ಪದ್ಧತಿ ಇದೆ. ಮದುವೆಯಲ್ಲಿ ಹೆಣ್ಣನ್ನು ಒಪ್ಪಿಸುವಾಗ ಅವಳ ಹಕ್ಕುಗಳ ಲೆಕ್ಕಕ್ಕೆ ಬೆಣಚುಕಲ್ಲುಗಳನ್ನು ಎಣಿಸಿ ಗಂಡಿನ ಕಡೆಗೆ ಕೊಡುತ್ತಾರೆ. ಎಲ್ಲವನ್ನೂ ಕೊಡುವುದಿಲ್ಲ, ಒಂದನ್ನು ಇರಿಸಿಕೊಳ್ಳುತ್ತಾರೆ. ಅಲ್ಲಿ ಬಾಳು ಕಷ್ಟವಾದರೆ ಈ ಮನೆಯ ಬಾಗಿಲು ಇದೆ ಎಂದು ಅದರ ಅರ್ಥ.

ನನ್ನ ನೆನಪಿನಲ್ಲಿ ಇರುವುದು ಹೀಗೆ: ಆ ಸಂಜೆ ಅಕ್ಕ ಜಗಲಿಗೆ ಬಂದು, ಬೋಪಯ್ಯ ಮಾವನ ಎದುರಿಗೇ ಅಪ್ಪನನ್ನು ಅರೆಭಾಷೆಯಲ್ಲಿ ಕೇಳಿದಳು; ಉಂಟು ಎನ್ನುವುದಕ್ಕೆ ನಮ್ಮಲ್ಲಿ ಉಟ್ಟು ಎನ್ನುತ್ತೇವೆ. "ಅವರ ಹೆಣ್ಣಿಗೆ ಒಂದು ಕಲ್ಲಾದರೂ ಉಟ್ಟು. ನಂಗೆ ಇಲ್ಲಿ ಎಂತ ಉಟ್ಟು?"

ಅಪ್ಪ ಮುಖ ತಿರುಗಿಸಿ ಅಂಗಳದ ಕಡೆ ನೋಡಿದರು. ಬೋಪಯ್ಯ ಮಾವ ಲೋಟ ಕೆಳಗಿಟ್ಟರು. "ಗೌಡ್ರೆ, ಈ ಒಂದು ಪದ್ಧತಿ ನಮ್ಮಿಂದ ತಕ್ಕೊಳ್ಳಿ. ಅದೂ ಮರ್ಜರೇ ಅಲ್ವಾ?"

"ನಿಮ್ಮದು ನಿಮಗೆ, ನಮ್ಮದು ನಮಗೆ ಬೋಪಯ್ಯ" ಎಂದರು ಅಪ್ಪ, ಆ ಮರ್ಜರ್ ಪಕ್ಷದ ಅಪ್ಪ.

ಆ ವಾರವೇ ಅಪ್ಪ ತಾವೇ ಟ್ರಂಕು ಹೊತ್ತು ಅವಳನ್ನು ಬಿಟ್ಟುಬಂದರು. ಮುಂದೆ ಕೊಡಗು ಮೈಸೂರಿಗೆ ಸೇರಿದ ದಿನ ಮನೆಯಲ್ಲಿ ಪಾಯಸ. ಅಕ್ಕನಿಗೆ ಹೇಳಿಕಳಿಸಿದ್ದರು, ಅವಳು ಬರಲಿಲ್ಲ. ಆಮೇಲೆ ಬಂದಾಗಲೆಲ್ಲ ಸಂಜೆಯ ಬಸ್ಸಿಗೆ ಹೊರಡುವ ನೆಂಟರ ಹಾಗೆಯೇ ಬಂದಳು. ಅಪ್ಪ ಗೇಟಿನವರೆಗೆ ಹೋಗಿ "ಇದ್ದು ಹೋಗಬಹುದಿತ್ತು" ಎನ್ನುವರು. ಅವಳು "ಇನ್ನೊಮ್ಮೆ" ಎನ್ನುವಳು. ಅಪ್ಪ ತೀರಿಕೊಳ್ಳುವವರೆಗೂ ಅವರಿಬ್ಬರ ನಡುವೆ ಅಷ್ಟೇ ಮಾತು.

ಈ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ನಮ್ಮ ಅಕ್ಕ ಆ ಕಾಲದಲ್ಲೇ ಹಾಗೆ ಕೇಳಿದವಳು ಎಂದು ಹೆಮ್ಮೆಯಿಂದಲೇ. ಆ ದಿನಗಳ ನನ್ನ ಡೈರಿಯಲ್ಲಿ ಮಾತ್ರ ಇದರ ಬಗ್ಗೆ ಒಂದು ಸಾಲೂ ಇಲ್ಲ. ಅಲ್ಲಿ ಇರುವುದೆಲ್ಲ ಮಡಿಕೇರಿಯ ಮರ್ಜರ್ ಭಾಷಣಗಳು.

ಮೊನ್ನೆ ಬಸ್ಸಿಳಿದು ಹೋದದ್ದು ಅಕ್ಕನ ಮನೆಗೇ. ಭಾವ ತೀರಿಹೋಗಿ ಬಹಳ ವರ್ಷವಾಯಿತು. ಅಡಿಗೆಮನೆಯಲ್ಲಿ ಕೂತು ಬಸ್ಸಿನ ಮುದುಕಿಯ ವಿಷಯ ಹೇಳಿ ನಗಿಸಿದೆ. ಅದೇ ಗುಂಗಿನಲ್ಲಿ, "ನೀನು ಅಪ್ಪನ ಬಾಯಿ ಮುಚ್ಚಿಸಿದ್ದೆಯಲ್ಲ, ಕಲ್ಲಿನ ಮಾತು ಕೇಳಿ" ಎಂದೆ.

ಅಕ್ಕ ನನ್ನನ್ನೇ ನೋಡಿದಳು. "ನಾ ಎಲ್ಲಿ ಕೇಳ್ದೆ? ಕಲ್ಲಿನ ಮಾತು ಎತ್ತಿದ್ದು ಬೋಪಯ್ಯ ಮಾವ. ನಾ ಬಾಗಿಲ ಹಿಂದೆ ಇದ್ದೆ. ಹೊರಗೆ ಬಂದು ಕೇಳೊಕು ಅಂತ ಇದ್ದೆ, ಅಷ್ಟೊತ್ತಿಗೆ ಅಪ್ಪ ನಿಮ್ಮದು ನಿಮಗೆ ಅಂದ್ರು. ಮತ್ತೆ ಎಂತ ಕೇಳುದು?"

ಇಷ್ಟು ವರ್ಷ ಅವಳು ಆಡಿದಳೆಂದು ನಾನು ನಂಬಿದ್ದ ಮಾತನ್ನು, ಇಷ್ಟೇ ವರ್ಷ ಅವಳು ಆಡದೆ ಇಟ್ಟುಕೊಂಡಿದ್ದಳು.

ಒಲೆಯ ಕಡೆ ತಿರುಗಿ ಅವಳೇ ಹೇಳಿದಳು: "ನೀ ಇದೆಲ್ಲ ಬರೆಯುವವ. ಬರೆದರೆ, ನಾ ಅಪ್ಪನ್ನ ಕೇಳ್ದೆ ಅಂತಲೇ ಬರಿ."