ಬ್ಯಾನರಿನ ಇನ್ನೊಂದು ತುದಿ

ಕೊರಿಯಾದಲ್ಲಿ ಒಂದು ಊರಿನ ಫುಟ್‌ಬಾಲ್ ತಂಡವನ್ನು ಆ ಊರಿನವರನ್ನು ಒಂದು ಮಾತೂ ಕೇಳದೆ ಇನ್ನೊಂದು ಊರಿಗೆ ಎತ್ತಿಕೊಂಡು ಹೋಗಬಹುದು. ಹೋಗಿದ್ದಾರೆ, ಒಂದಕ್ಕಿಂತ ಹೆಚ್ಚು ಸಲ. ತಂಡ ಕಂಪನಿಯದ್ದು, ಹಾಡು ಮಾತ್ರ ಊರಿನದ್ದು. ಲಾರಿ ಬಂದ ದಿನ ಹಾಡಿಗೆ ಯಾರೂ ಬೆಲೆ ಕಟ್ಟುವುದಿಲ್ಲ.

ಮುಪೋ ಬಂದರಿನ ತಂಡವೂ ಹಾಗೇ ಹೋಯಿತು. ಕೇಬಲ್ ಮಾಡುವ ಕಂಪನಿಯೊಂದು ಅದನ್ನು ಒಂದು ಚಳಿಗಾಲದಲ್ಲಿ ರಾಜಧಾನಿಯ ಮಗ್ಗುಲಿನ ಹೊಸ ಊರಿಗೆ ಸಾಗಿಸಿತು. "ಅಲ್ಲಿ ಜನ ಜಾಸ್ತಿ" ಎಂದಿತು. ಇಲ್ಲಿದ್ದವರು ಜನವಲ್ಲವೇ ಎಂದು ಯಾವ ಪತ್ರಿಕೆಯೂ ಕೇಳಲಿಲ್ಲ. ಕೇಳಿದವಳು ಬೊಂಡಾಸ್ ಮೀನು ಒಣಗಿಸುವ ತಾಕ್ ಮಾಲ್‌ಸುಕ್ ಒಬ್ಬಳೇ. ಅವಳು ಕೇಳಿದ್ದೂ ಬಾಯಿಂದಲ್ಲ, ಬ್ಯಾನರಿನಿಂದ.

ಆ ಬ್ಯಾನರನ್ನು ಹೊಲಿದದ್ದು ಅವಳಮ್ಮ. ದೋಣಿಯ ಟಾರ್ಪಾಲಿನ ತುಂಡುಗಳನ್ನು ಜೋಡಿಸಿ, ಕಾಲು ಮಿಷನ್ನಿನಲ್ಲಿ ಎರಡೆರಡು ಹೊಲಿಗೆ ಹಾಕಿ ಕೊಟ್ಟಿದ್ದಳು. ಅದರ ಮೇಲೆ ಮಾಲ್‌ಸುಕ್ ಮತ್ತು ಅವಳ ತಮ್ಮ ಗಿಲ್‌ಸೂ ಸೇರಿ ದೋಣಿಗೆ ಬಳಿಯುವ ನೀಲಿ ಬಣ್ಣದಲ್ಲಿ ಬರೆದದ್ದು ಎರಡೇ ಮಾತು: ನಾವಿಲ್ಲೇ ಇದ್ದೇವೆ. ಪ್ರತಿ ಪಂದ್ಯಕ್ಕೂ ಅಕ್ಕ ಒಂದು ತುದಿ, ತಮ್ಮ ಇನ್ನೊಂದು ತುದಿ ಹಿಡಿದು ಕಂಬಿಗೆ ಕಟ್ಟುತ್ತಿದ್ದರು. ಕೊನೆಯ ಪಂದ್ಯದ ದಿನ ಮಾಲ್‌ಸುಕ್ ಎರಡೂ ಹಗ್ಗಗಳನ್ನು ಕೆಳಗಿನ ಅಂಚಿಗೆ ಬಿಗಿದಳು. ಬ್ಯಾನರು ತಲೆಕೆಳಗಾಗಿ ಇಳಿಬಿತ್ತು. ಅಲ್ಲಿಯ ಮೈದಾನಗಳಲ್ಲಿ ಬ್ಯಾನರು ತಲೆಕೆಳಗಾದರೆ ಅರ್ಥ ಒಂದೇ: ನಮ್ಮ ತಂಡದ ಮೇಲೆ ನಮಗೇ ಸಿಟ್ಟು ಬಂದಿದೆ. ಎದುರಾಳಿಯನ್ನು ಬೈಯಲು ಸಾವಿರ ಹಾಡುಗಳಿವೆ. ಇದು ಮನೆಯವರಿಗೆ ಮಾತ್ರ ಮೀಸಲಾದ ಬೈಗುಳ.

ಅದನ್ನು ಇಳಿಸಿ ಸುತ್ತಿಟ್ಟುಕೊಂಡವನು ಗಿಲ್‌ಸೂ. ಆಮೇಲೆ ಆ ಮನುಷ್ಯ ಮಾಡಿದ ಕೆಲಸಕ್ಕೆ ಮುಪೋದಲ್ಲಿ ಇಂದಿಗೂ ಹೆಸರಿಲ್ಲ. ಅವನು ತಂಡದ ಹಿಂದೆಯೇ ಹೋದ. ಮನೆ ಬಿಟ್ಟಲ್ಲ. ಮುಪೋದಲ್ಲೇ ದೋಣಿಯ ಎಂಜಿನ್ ರಿಪೇರಿ ಮಾಡಿಕೊಂಡು, ಪಂದ್ಯದ ದಿನ ಬೆಳಿಗ್ಗೆ ಬಸ್ಸು ಹತ್ತಿ ಆ ಹೊಸ ಊರಿಗೆ ಹೋಗಿ, ಕೂಗಿ ಕೂಗಿ ಗಂಟಲು ಕೂರಿಸಿಕೊಂಡು ವಾಪಸು ಬರುತ್ತಿದ್ದ.

"ಆಟಗಾರರೇನು ತಪ್ಪು ಮಾಡಿದ್ರಕ್ಕ? ಅವ್ರನ್ನ ಬಿಟ್ಟುಬಿಡೋದಾ?" ಎನ್ನುತ್ತಿದ್ದ.

"ಆ ಆಟಗಾರರು ರಿಟೈರಾಗಿ ಬೋಳುತಲೆ ಆದ್ರು ಕಣೋ. ಈಗ ಯಾರ ಹಿಂದೆ ಹೋಗ್ತಿದೀಯ, ಅದನ್ನ ಹೇಳು," ಎನ್ನುತ್ತಿದ್ದಳು ಅಕ್ಕ.

ಇತ್ತ ಮಾಲ್‌ಸುಕ್ ಸುಮ್ಮನೆ ಕೂರಲಿಲ್ಲ. ಮೀನು ಮಾರುವವರು, ಬಸ್ ಡ್ರೈವರುಗಳು, ಒಬ್ಬ ಹಲ್ಲಿನ ಡಾಕ್ಟರು ಕೂಡಿ ಊರಿನದ್ದೇ ಒಂದು ತಂಡ ಕಟ್ಟಿದರು. ಅದು ನಾಲ್ಕನೇ ದರ್ಜೆಯಲ್ಲಿ ಆಡುವ ತಂಡ. ಅದರ ಮುಂಚೂಣಿ ಆಟಗಾರ ನಾಮ್‌ಗುಂಗ್ ಕಡ್ಡಾಯ ಸೈನ್ಯಸೇವೆಯ ಬದಲಿಗೆ ವಾರ್ಡ್ ಕಚೇರಿಯಲ್ಲಿ ದುಡಿಯುವ ಹುಡುಗ. ಹಗಲು ಮುದುಕಿಯರಿಗೆ ಟೋಕನ್ ಹರಿದು ಕೊಡುತ್ತಾನೆ, ಸಂಜೆ ಅಭ್ಯಾಸಕ್ಕೆ ಓಡುತ್ತಾನೆ. ಅಭಿಮಾನಿಗಳ ಗುಂಪಿಗೆ ಡೋಲು ಬಾರಿಸುವವಳು ಮಾಲ್‌ಸುಕ್. ಅರವತ್ತರ ಹತ್ತಿರ ಬಂದರೂ ಅವಳ ಕೈಗೆ ವಯಸ್ಸಾಗಿಲ್ಲ. ಡೋಲಿನ ಎಡಗಡೆ ಒಬ್ಬರು ನಿಲ್ಲುವಷ್ಟು ಜಾಗವನ್ನು ಅವಳು ಯಾರಿಗೂ ಕೊಡುತ್ತಿರಲಿಲ್ಲ. ಯಾರಾದರೂ ನಿಂತರೆ ಡೋಲಿನ ಕೋಲಿನಿಂದ ಆಚೆ ತಳ್ಳುತ್ತಿದ್ದಳು. ಯಾಕೆಂದು ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಯಾರೂ ಕೇಳುತ್ತಿರಲಿಲ್ಲ.

ಅಕ್ಕ ತಮ್ಮ ಮಾತು ಬಿಟ್ಟಿರಲಿಲ್ಲ. ಅಮ್ಮನ ತಿಥಿಗೆ ಇಬ್ಬರೂ ಸೇರುತ್ತಿದ್ದರು. ಒಂದು ಕಟ್ಟಳೆ ಇತ್ತು, ಎಡೆಯ ಅನ್ನ ಉಂಡು ಮುಗಿಯುವವರೆಗೆ ಫುಟ್‌ಬಾಲ್ ಮಾತಾಡಕೂಡದು. ಕೊನೆಯ ತುತ್ತು ಗಂಟಲಿಳಿಯುವ ಮೊದಲೇ ಜಗಳ ಶುರುವಾಗುತ್ತಿತ್ತು. ಆಗಲೂ ಒಂದು ಮಾತನ್ನು ಮಾತ್ರ ಅವಳು ಮೆತ್ತಗೆ ಕೇಳುತ್ತಿದ್ದಳು: "ಅಮ್ಮನ ಬ್ಯಾನರ್ ಎಲ್ಲಿದೆ?"

"ಭದ್ರವಾಗಿದೆ."

"ಅಲ್ಲಿ ಕಟ್ಟಿದ್ಯಾ?"

"ಇಲ್ಲ."

ಕಟ್ಟಿಲ್ಲ ಎಂಬ ಆ ಒಂದು ಉತ್ತರದ ಮೇಲೆ ಅವಳು ಇನ್ನೊಂದು ವರ್ಷ ತಳ್ಳುತ್ತಿದ್ದಳು.

ಕೊರಿಯಾ ಕಪ್ ಎಂಬ ಒಂದು ಪಂದ್ಯಾವಳಿ ಇದೆ. ದೊಡ್ಡ ತಂಡ, ಸಣ್ಣ ತಂಡ ಎಲ್ಲವೂ ಒಂದೇ ಚೀಟಿ ಡಬ್ಬಿಯೊಳಗೆ ಬೀಳುವುದು ಅದರಲ್ಲೊಂದೇ. ಆ ವಸಂತದಲ್ಲಿ ಚೀಟಿ ಎತ್ತಿದಾಗ ಮುಪೋ ಹೆಸರಿನ ಜತೆ ಬಂದದ್ದು ಕೇಬಲ್ ಕಂಪನಿಯ ತಂಡದ ಹೆಸರು. ಪಂದ್ಯ ಮುಪೋದಲ್ಲೇ. ಕಳುವಾದ ತಂಡ ಮೊದಲ ಸಲ ಊರಿಗೆ ಬರಲಿತ್ತು, ಅತಿಥಿಯಾಗಿ.

ಸುದ್ದಿ ಬಂದಾಗ ಮಾಲ್‌ಸುಕ್ ಬೊಂಡಾಸ್ ಸೀಳುತ್ತಿದ್ದಳು. ಚಾಕು ಹಿಡಿದೇ ತಮ್ಮನ ಅಂಗಡಿಗೆ ಓಡಿದಳು. ದಾರಿಯಲ್ಲಿ ನಾಲ್ಕು ಜನ ಗೋಡೆಗೆ ಅಂಟಿ ಜಾಗ ಬಿಟ್ಟರು.

"ಗಿಲ್‌ಸೂ, ಬುಧವಾರ ಯಾವ ಕಡೆ ಕೂರ್ತೀಯ?"

"ಮೊದ್ಲು ಚಾಕು ಕೆಳಗಿಡು."

"ಯಾವ ಕಡೆ?"

"ನನ್ನ ಕಡೆಯವ್ರ ಜತೆ. ಅಕ್ಕ, ಅದು ನಮ್ಮ ತಂಡ. ವಾಪಸು ಬರ್ತಿದೆ. ನೀನೇ ಈ ಕಡೆ ಬಾ."

"ಕಳ್ಳ ಮದುವೆ ಊಟಕ್ಕೆ ಬಂದ್ರೆ ವಾಪಸು ಬಂದ ಅಂತಾರೇನೋ?" ಎಂದಳು ಅವಳು. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಸೇರಿಸಿದಳು. "ಡೋಲಿನ ಪಕ್ಕ ಜಾಗ ಹಾಗೇ ಇದೆ. ಈ ಸಲ ಬರ್ಲಿಲ್ಲಾಂದ್ರೆ ಗುಕ್‌ಗೆ ಕೊಟ್ಬಿಡ್ತೀನಿ."

ಗುಕ್ ಎಂದರೆ ನಿವೃತ್ತ ಬಸ್ ಡ್ರೈವರು, ಗಿಲ್‌ಸೂನ ಬಾಲ್ಯದ ವೈರಿ. ಈ ಬೆದರಿಕೆ ಪೊಳ್ಳಲ್ಲ ಎಂದು ತಮ್ಮನಿಗೆ ಗೊತ್ತಿತ್ತು.

ಬುಧವಾರ ಸಂಜೆ ನಗರಸಭೆಯ ಮೈದಾನ ತುಂಬಿತು. ಮಾರುಕಟ್ಟೆ ಬೇಗ ಮುಚ್ಚಿತ್ತು. ಅನ್ನ ಸುತ್ತಿದ ಕಿಂಬಾಪ್ ಸುರುಳಿಗಳು ಕೈಯಿಂದ ಕೈಗೆ ದಾಟುತ್ತಿದ್ದವು. ಮೀನು ಹಿಟ್ಟಿನ ಕಡ್ಡಿ ಅದ್ದಿದ ಬಿಸಿ ಸಾರನ್ನು ಗುಕ್ ಸೌಟಿನಲ್ಲಿ ಹಂಚುತ್ತಿದ್ದ. ಸಮುದ್ರದ ಕಡೆಯಿಂದ ಬಂದ ಮಂಜು ದೀಪದ ಕಂಬಗಳ ಸೊಂಟದಲ್ಲಿ ನಿಂತಿತ್ತು. ಓಟದ ಪಥದಾಚೆ, ಎದುರಿನ ಮೂಲೆಯಲ್ಲಿ, ಕಂಪನಿಯ ತಂಡದ ಅಭಿಮಾನಿಗಳು. ಅವರ ನಡುವೆ ಕಿತ್ತಳೆ ಜೆರ್ಸಿಯ ಗಿಲ್‌ಸೂ. ಅವನ ಕಾಲಬಳಿ ಒಂದು ಗಂಟು.

ಗಂಟಿನಲ್ಲಿ ಅಮ್ಮನ ಬ್ಯಾನರು. ಅಕ್ಕನಿಗೆ ತೋರಿಸಬೇಕಿತ್ತು ಅವನಿಗೆ, ನೋಡು, ತಂಡ ಬಂತು, ಬ್ಯಾನರೂ ಬಂತು, ಇಷ್ಟು ವರ್ಷ ನಾನು ಸುಮ್ಮನೆ ಬಸ್ಸು ಹತ್ತಲಿಲ್ಲ ಎಂದು. ಪಕ್ಕದ ಹುಡುಗನ ಕೈಗೆ ಒಂದು ಹಗ್ಗ ಕೊಟ್ಟು, ಇನ್ನೊಂದು ಹಗ್ಗ ತಾನು ಕಂಬಿಗೆ ಬಿಗಿದು, ಗಂಟನ್ನು ಆಚೆ ಚೆಲ್ಲಿದ. ಟಾರ್ಪಾಲು ಸರ್ರನೆ ಬಿಚ್ಚಿಕೊಂಡು ಇಳಿಬಿತ್ತು.

ಮೈದಾನದ ಜನ ಕತ್ತು ಓರೆ ಮಾಡಿ ಓದಿದರು.

ಹಗ್ಗಗಳು ಕೊನೆಯ ಪಂದ್ಯದ ದಿನ ಮಾಲ್‌ಸುಕ್ ಕಟ್ಟಿದಲ್ಲೇ ಇದ್ದವು. ಕೆಳಗಿನ ಅಂಚಿನಲ್ಲಿ. ಅವನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಕಂಪನಿಯ ದೊಡ್ಡವರೆಲ್ಲ ಗಣ್ಯರ ಸಾಲಿನಲ್ಲಿ ಕೂತಿರುವಾಗ, ಕಂಪನಿಯ ಅಭಿಮಾನಿಗಳ ನಡುವೆ, ನಾವಿಲ್ಲೇ ಇದ್ದೇವೆ ಎಂಬ ಮಾತು ತಲೆಕೆಳಗಾಗಿ ತೂಗುತ್ತಿತ್ತು.

ಎದುರು ಕಡೆಯಿಂದ ಮುಪೋ ಜನ ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿದರು. "ಗಿಲ್‌ಸೂ ಕಂಪನಿಗೇ ಬೈತಿದಾನೆ ಕಣ್ರೋ," ಎಂದು ಗುಕ್ ಸೌಟು ಎತ್ತಿ ಹಿಡಿದ. ಹಲ್ಲಿನ ಡಾಕ್ಟರ ಕಣ್ಣಲ್ಲಿ ನೀರು. ಮಾಲ್‌ಸುಕ್ ಮಾತ್ರ ಡೋಲಿನ ಮೇಲೆ ಬಿದ್ದು ನಗುತ್ತಿದ್ದಳು. ಆ ಮೂರ್ಖ ಹಗ್ಗ ನೋಡಿಲ್ಲ ಎಂಬುದು ಅವಳಿಗೆ ನೋಡಿದ ಕೂಡಲೇ ತಿಳಿದಿತ್ತು. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು ಮೇಲೆದ್ದಾಗ, ನಗು ಎಲ್ಲಿ ನಿಂತಿತೋ ಅಲ್ಲಿ ಬೇರೇನೋ ಶುರುವಾಗಿತ್ತು. ಅಮ್ಮನ ಹೊಲಿಗೆ ಅಷ್ಟು ದೂರದಿಂದಲೂ ಕಾಣುತ್ತಿತ್ತು.

ಎದುರು ಮೂಲೆಯಲ್ಲಿ ಅಭಿಮಾನಿಗಳ ನಾಯಕ ರ್ಯು ಓಡಿಬಂದ. ಮೂವತ್ತರ ಹುಡುಗ, ಒಳ್ಳೆಯವನೇ.

"ಗಿಲ್‌ಸೂ ಅಣ್ಣ, ಏನಿದು? ನಮ್ಮೋರ ಮೇಲೇ?"

"ತಪ್ಪಾಯ್ತು ಮಾರಾಯ. ತಿರುಗಿಸಿ ಕಟ್ತೀನಿ," ಎಂದ ಗಿಲ್‌ಸೂ. ಕಿವಿವರೆಗೂ ಕೆಂಪಾಗಿದ್ದ. ಹಗ್ಗಕ್ಕೆ ಕೈ ಹಾಕಿದ. ಗಂಟು ಬಿಚ್ಚಿಕೊಳ್ಳಲಿಲ್ಲ. ಬೊಂಡಾಸ್ ಸಾಲು ಕಟ್ಟುವಾಗ ಅವನ ಅಕ್ಕ ಹಾಕುವ ಗಂಟು ಅದು, ಗಾಳಿಗೂ ಬಗ್ಗುವುದಿಲ್ಲ. ಅವನ ಬೆರಳು ಆ ಗಂಟಿನ ಮೇಲೆ ಸುಮ್ಮನೆ ನಿಂತಿತು.

ಅಷ್ಟರಲ್ಲಿ ಕಂಪನಿಯ ಕೋಟು ತೊಟ್ಟ ಒಬ್ಬ ಅಧಿಕಾರಿ ಬಂದ. ಬೆವರಿದ್ದ. ಮೇಲಿನಿಂದ ಯಾರೋ ಫೋನು ಮಾಡಿದ್ದರು.

"ತಿರುಗಿಸೋದು ಬೇಡ, ತೆಗೀರಿ. ನಾವಿಲ್ಲೇ ಇದ್ದೇವೆ ಅಂದ್ರೇನರ್ಥ? ಯಾರು, ಎಲ್ಲಿ?"

"ಇದು ಹಳೇದು ಸಾರ್. ತಂಡ ಇಲ್ಲಿದ್ದಾಗಿನದು."

"ತಂಡ ಇಲ್ಲಿ ಇರ್ಲೇ ಇಲ್ಲ ಯಜಮಾನ್ರೇ. ನಮ್ಮ ಚರಿತ್ರೆ ಶುರುವಾಗೋದೇ ಹೊಸ ಊರಿಂದ. ಬೇಕಾದ್ರೆ ವೆಬ್‌ಸೈಟ್ ನೋಡಿ."

ಓದುವವರೇ, ಈ ಮಾತನ್ನು ಇನ್ನೊಮ್ಮೆ ಓದಿ. ತಂಡ ಒಯ್ದದ್ದು ಸಾಲಲಿಲ್ಲ, ಒಯ್ದದ್ದನ್ನೂ ಅಳಿಸಿದರು. ಮಳೆಯಲ್ಲಿ ನೆನೆದು ಕೂಗಿದವರು, ಮಗುವನ್ನು ಹೆಗಲ ಮೇಲೆ ಹೊತ್ತು ನಿಂತವರು, ಟಾರ್ಪಾಲು ಹೊಲಿದ ಒಬ್ಬ ತಾಯಿ, ಯಾರೂ ಇರಲೇ ಇಲ್ಲವಂತೆ. ಇಂಥ ಮಾತನ್ನು ಆಡಲು ದುಷ್ಟನಾಗಬೇಕಿಲ್ಲ. ಸಂಬಳದವನಾದರೆ ಸಾಕು.

ಗಿಲ್‌ಸೂ ಅವನ ಮುಖವನ್ನೇ ನೋಡಿದ. "ಇರ್ಲೇ ಇಲ್ವಾ? ಹಾಗಾದ್ರೆ ನಾನು ಇಷ್ಟು ವರ್ಷ ಯಾರ ಹಿಂದೆ ಬಸ್ಸು ಹತ್ತಿದೆ?"

ರ್ಯು ತಲೆ ತಗ್ಗಿಸಿದ.

"ಇದು ಹೀಗೇ ಇರ್ಲಿ," ಎಂದ ಗಿಲ್‌ಸೂ. "ಸರಿಯಾಗೇ ಇದೆ."

"ಹಾಗಿದ್ರೆ ನೀವು ಈ ಕಡೆ ಕೂರೋ ಹಾಗಿಲ್ಲ."

"ನಂಗೆ ಜಾಗ ಇದೆ," ಎಂದ. ಗಂಟು ಬಿಚ್ಚುವ ಗೋಜಿಗೆ ಹೋಗದೆ ಕಂಬಿಯಿಂದ ಹಗ್ಗವನ್ನೇ ಜಾರಿಸಿ, ಬ್ಯಾನರನ್ನು ಹೆಗಲಿಗೆ ಹಾಕಿಕೊಂಡ. ರ್ಯು ಗೇಟಿನವರೆಗೂ ಬಂದು ಎರಡೂ ಕೈ ಮುಂದೆ ಕಟ್ಟಿ ಬಾಗಿ ವಂದಿಸಿದ. ಅದನ್ನು ಗಣ್ಯರ ಸಾಲಿನವರೂ ನೋಡಿದರು.

ಆಟ ಆಗಲೇ ಶುರುವಾಗಿತ್ತು. ಆದರೆ ಮುಪೋ ಕಡೆಯ ಅರ್ಧ ಜನ ನೋಡುತ್ತಿದ್ದದ್ದು ಓಟದ ಪಥದ ಅಂಚಿನಲ್ಲಿ ನಡೆದುಬರುತ್ತಿದ್ದ ಕಿತ್ತಳೆ ಅಂಗಿಯ ಒಬ್ಬ ಮುದಿಯನನ್ನು. ಹೆಗಲ ಮೇಲೆ ಟಾರ್ಪಾಲು, ಹಿಂದೆ ನೆಲ ಗುಡಿಸುವ ಹಗ್ಗ.

"ಬಸ್ಸು ಕೆಟ್ಟೋಯ್ತಾ ಗಿಲ್‌ಸೂ?" ಎಂದು ಗುಕ್ ಕೂಗಿದ. "ಇಷ್ಟು ತಡ?"

"ಡ್ರೈವರ್ ನೀನಿದ್ದೆ ಅಂತ ಇಳಿದು ನಡ್ಕೊಂಡ್ ಬಂದೆ."

ಜನ ಬಿದ್ದು ಬಿದ್ದು ನಕ್ಕರು. ಮಾಲ್‌ಸುಕ್ ನಗಲಿಲ್ಲ. ಕೋಲನ್ನು ಅವನೆದೆಗೆ ಒತ್ತಿ ಹಿಡಿದಳು. "ಆ ಅಂಗಿ ಹಾಕ್ಕೊಂಡು ನನ್ನ ಡೋಲಿನ ಹತ್ರ ಬಂದ್ರೆ ಕಾಲು ಮುರೀತೀನಿ."

ಅವನು ಅಲ್ಲೇ ಜೆರ್ಸಿ ಬಿಚ್ಚಿದ. ಒಳಗೆ ತೂತು ಬಿದ್ದ ಬೆಚ್ಚನೆಯ ಬನಿಯನ್ನು. ಕಂಪನಿಯ ವಿರುದ್ಧ ಎದ್ದು ನಿಂತ ವೀರನ ಹೊಕ್ಕುಳು ಇಡೀ ಊರಿಗೆ ಕಂಡಿತು. ಅಕ್ಕ ತನ್ನ ಮೀನಿನ ವಾಸನೆಯ ಕೋಟನ್ನು ತೆಗೆದು ಅವನಿಗೆ ತೊಡಿಸಿದಳು, ಗುಂಡಿ ಹಾಕಿದಳು. ಆಮೇಲೆ ಮೊಣಕಾಲೂರಿ ಕೂತು, ಎರಡೂ ಗಂಟುಗಳನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಹಗ್ಗಗಳನ್ನು ಮೇಲಿನ ಅಂಚಿಗೆ ಕಟ್ಟಿದಳು.

"ಆ ತುದಿ ಹಿಡಿ," ಎಂದಳು.

ಅವನು ಹಿಡಿದ.

ನಾಮ್‌ಗುಂಗ್ ಗೋಲು ಹೊಡೆದದ್ದು ಆಟ ಮುಗಿಯುತ್ತ ಬಂದಾಗ. ಮೂಲೆಯಿಂದ ಬಂದ ಚೆಂಡು ಯಾರದೋ ಬೆನ್ನಿಗೆ ತಗುಲಿ ಅವನ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ಚಂದದ ಗೋಲಲ್ಲ, ಆದರೆ ಇಡೀ ಪಂದ್ಯಕ್ಕೆ ಅದೊಂದೇ. ವಾರ್ಡ್ ಕಚೇರಿಯಲ್ಲಿ ಅವನಿಂದ ಟೋಕನ್ ತೆಗೆದುಕೊಳ್ಳುವ ಮುದುಕಿಯರು ಬೆಂಚಿನ ಮೇಲೆ ಹತ್ತಿ ಕುಣಿದರು. ಗುಕ್‌ನ ಸಾರಿನ ಪಾತ್ರೆ ಉರುಳಿ ಮೆಟ್ಟಿಲಗುಂಟ ಹರಿಯಿತು. ಯಾರೂ ಕಾಲು ಎತ್ತಲಿಲ್ಲ.

ಗೆದ್ದ ದಿನ ಆಟಗಾರರು ಕೈ ಕೈ ಹಿಡಿದು ಬಂದು ಜನರೆದುರು ಸಾಲಾಗಿ ನಿಲ್ಲುತ್ತಾರೆ. ಎಲ್ಲರೂ ಒಟ್ಟಿಗೆ ಎರಡೂ ತೋಳೆತ್ತಿ ಮೂರು ಸಲ ಮಾನ್ಸೆ ಎಂದು ಜಯಕಾರ ಹಾಕುತ್ತಾರೆ. ಗಿಲ್‌ಸೂ ಎರಡನೆಯ ಸಲಕ್ಕೇ ಕೈ ಇಳಿಸಿ ಕಣ್ಣೊರೆಸಿಕೊಂಡ. ಅಕ್ಕ ಕೋಲಿನಿಂದ ಮೊಣಕೈಗೆ ತಟ್ಟಿದಳು. "ಇನ್ನೂ ಒಂದಿದೆ. ಎತ್ತು."

ಮರುದಿನ ಅವನ ಅಂಗಡಿಯ ಮುಂದೆ ಜಾತ್ರೆ. ಯಾಕೆ ತಲೆಕೆಳಗು ಕಟ್ಟಿದೆ, ಹೇಗೆ ಧೈರ್ಯ ಬಂತು ಎಂದು ಎಲ್ಲರೂ ಕೇಳುವವರೇ. "ತುಂಬಾ ದಿನದಿಂದ ಪ್ಲಾನ್ ಮಾಡಿದ್ದೆ," ಎಂದು ಅವನು ಎಂಜಿನ್ ಒರೆಸುತ್ತ ಗಂಭೀರವಾಗಿ ಹೇಳುತ್ತಿದ್ದ. ಮಾಲ್‌ಸುಕ್ ಅಲ್ಲೇ ಸ್ಟೂಲಿನ ಮೇಲೆ ಕೂತು ಬೊಂಡಾಸ್ ಅಗಿಯುತ್ತಿದ್ದಳು.

"ಹೌದು ಹೌದು," ಎಂದಳು. "ಚಿಕ್ಕಂದಿನಿಂದ್ಲೂ ಅವನು ತುಂಬಾ ಮುಂದಾಲೋಚನೆಯವ್ನು."

ತಮ್ಮ ಅವಳ ಕಡೆ ನೋಡಲೇ ಇಲ್ಲ.

ಆ ದಿನದ ಪತ್ರಿಕೆಯಲ್ಲಿ ಮುಪೋ ಗೆದ್ದ ಸುದ್ದಿ ಹೆಬ್ಬೆರಳಿನಷ್ಟಿತ್ತು. ಯೂರೋಪಿನ ಯಾವುದೋ ಆಟಗಾರನ ಮೊಣಕಾಲು ನೋವಿಗೆ ಅರ್ಧ ಪುಟ. ಬರೆಯುವವರನ್ನಷ್ಟೇ ಬೈದರೆ ಸಾಲದು. ಓದುವವರು ಕೇಳಿದ್ದನ್ನೇ ಅವರು ಬಡಿಸುತ್ತಾರೆ. ಬೆಳಗಿನ ಜಾವ ಅಲಾರಂ ಇಟ್ಟುಕೊಂಡು, ನಿಮ್ಮ ಹೆಸರೂ ಗೊತ್ತಿಲ್ಲದ ಊರಿನ ತಂಡಕ್ಕಾಗಿ ಎದೆ ಬಡಿದುಕೊಳ್ಳುವವರು ನೀವು. ನಿಮ್ಮ ಊರಿನ ತಂಡದ ಗೋಲ್‌ಕೀಪರನ ಹೆಸರೇನು? ಗೊತ್ತಿಲ್ಲ ತಾನೆ? ಲಾರಿ ಬರುವುದು ಇಂಥ ಊರಿಗೇ. ಟೀವಿ ಆರಿಸಿ, ಚಪ್ಪಲಿ ಮೆಟ್ಟಿಕೊಳ್ಳಿ, ಈ ಭಾನುವಾರ ನಿಮ್ಮೂರಿನ ಮೈದಾನಕ್ಕೆ ಹೋಗಿ. ಅಲ್ಲಿ ಯಾರೋ ಒಬ್ಬರು ಬ್ಯಾನರಿನ ಒಂದು ತುದಿ ಹಿಡಿದು ನಿಂತಿರುತ್ತಾರೆ. ಇನ್ನೊಂದು ತುದಿ ನೀವು ಹಿಡಿಯಿರಿ.