ಹತ್ತೊಂಬತ್ತು ವರ್ಷ ಕಾದ ಉಣ್ಣೆ

ಆಸ್ಪತ್ರೆಯ ರಕ್ತಪರೀಕ್ಷೆ ಕೋಣೆಯಲ್ಲಿ ಎಲ್ಲರೂ ಅವಳನ್ನು ಎಣಿಕೆಯಕ್ಕ ಎಂದೇ ಕರೆಯುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಸೂಕ್ಷ್ಮದರ್ಶಕದ ಕೆಳಗೆ ರಕ್ತಕಣ ಎಣಿಸುತ್ತ ಬಂದವಳು. ಯಂತ್ರ ಬಂದ ಮೇಲೂ, ಅದರ ಅಂಕಿ ಅನುಮಾನ ಹುಟ್ಟಿಸಿದರೆ ಗಾಜಿನ ಪಟ್ಟಿ ಅವಳ ಮೇಜಿಗೇ ಬರುತ್ತದೆ. ಮನೆಯ ಮೆಟ್ಟಿಲು ಹತ್ತುವಾಗಲೂ ಎಣಿಸುತ್ತಾಳೆ ಎಂದು ಬೀಗ ರಿಪೇರಿ ಮಾಡುವ ಗಂಡ ಆಡಿಕೊಳ್ಳುತ್ತಾನೆ. ಹದಿನೇಳು ಮೆಟ್ಟಿಲು, ಈಗ ಅದು ಅವನಿಗೂ ಬಾಯಿಪಾಠ.

ಹೆಣಿಗೆ ಕಲಿತದ್ದು ಐವತ್ತನೆಯ ವಯಸ್ಸಿನಲ್ಲಿ, ಅತ್ತೆಯಿಂದ. ಅತ್ತೆಗೆ ಎಪ್ಪತ್ತೊಂಬತ್ತು. ದೃಷ್ಟಿಯ ನಡುಭಾಗ ಮಸುಕಾಗಿ, ಎದುರಿಗಿರುವುದನ್ನು ನೋಡಲೂ ತಲೆ ಓರೆ ಮಾಡಬೇಕಾಗಿ ಬಂದಾಗ ಅವರು ಕಡ್ಡಿ ಕೆಳಗಿಟ್ಟು ಸೊಸೆಯನ್ನು ಹಿಡಿದು ಕೂರಿಸಿದರು. ಮೊದಲು ಒಂದು ಮಫ್ಲರ್, ಆಮೇಲೆ ಎರಡು ಟೊಪ್ಪಿಗೆ. ಕಲಿಯಲು ಕೂತ ಹತ್ತನೆಯ ತಿಂಗಳಲ್ಲಿ ಕಪಾಟಿನಿಂದ ಒಂದು ಪೆಟ್ಟಿಗೆ ತೆಗೆದು ಅವಳ ಮಡಿಲಿಗಿಟ್ಟರು. ಒಳಗೆ ಬೂದುಬಣ್ಣದ ಉಣ್ಣೆ, ಹೊಲಿಗೆ ದಾರಕ್ಕಿಂತ ತುಸುವೇ ದಪ್ಪ. ಜೊತೆಗೆ ಚೌಕಳಿ ಕಾಗದದ ಮೇಲೆ ಅವರೇ ಎಂದೋ ಬರೆದಿಟ್ಟ ಜಾಲರಿ ಶಾಲಿನ ನಕ್ಷೆ.

“ತಂದು ಹತ್ತೊಂಬತ್ತು ವರ್ಷ ಆಯ್ತು. ಆ ಗಿರಣಿ ಮುಚ್ಚೋಯ್ತು. ಈ ನೂಲು ಇನ್ನೆಲ್ಲೂ ಸಿಗಲ್ಲ.”

“ನೀವ್ಯಾಕೆ ಹೆಣೀಲಿಲ್ಲ ಅತ್ತೆ?”

“ಪುರುಸೊತ್ತೆಲ್ಲಿತ್ತು? ನಿನ್ನ ಗಂಡನ್ನ ಸಾಕೋದ್ರಲ್ಲೇ ಆಯುಷ್ಯ ಕಳೀತು.”

“ಆಗ ನಂಗೆ ಮೂವತ್ತೈದು ವರ್ಷ ಅಮ್ಮ!” ಎಂದು ಒಳಗಿನಿಂದ ಗಂಡ ಕೂಗಿದ.

“ಹೂಂ. ಆದ್ರೂ ಸಾಕ್ತಿದ್ದೆ.”

ನಕ್ಷೆಯಲ್ಲಿ ಅಡ್ಡಕ್ಕೆ ಹದಿನಾಲ್ಕು ಮನೆ, ಮನೆಗೆ ಹನ್ನೆರಡು ಕುಣಿಕೆ, ಅಂಚಿಗೊಂದು ಹೆಚ್ಚಿನದು. ಸಾಲಿಗೆ ನೂರ ಅರವತ್ತೊಂಬತ್ತು. ತೂತು ಬರಬೇಕಾದಲ್ಲಿ ಸೊನ್ನೆ. ಅಲ್ಲಿ ಕಡ್ಡಿಗೆ ನೂಲನ್ನು ಒಂದು ಸುತ್ತು ಹೆಚ್ಚು ಹಾಕಬೇಕು. ಹೆಚ್ಚಿದ್ದನ್ನು ಸರಿದೂಗಿಸಲು ಪಕ್ಕದ ಎರಡು ಕುಣಿಕೆಗಳನ್ನು ಒಂದು ಮಾಡಬೇಕು. ಪ್ರತಿ ಎಂಟು ಸಾಲಿಗೊಮ್ಮೆ ಸೊನ್ನೆಗಳು ಮನೆಯ ಗೆರೆಯ ಮೇಲೇ ಕೂತಿದ್ದವು.

ಗೆರೆಯ ಮೇಲೆ ಕೂತದ್ದನ್ನು ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಾಜಿನ ಮೇಲೆ ಕೊರೆದ ಚೌಕಮನೆಗಳಲ್ಲಿ ರಕ್ತಕಣ ಎಣಿಸುವಾಗ ಎಡಗೆರೆಯನ್ನು ಮುಟ್ಟಿದ ಕಣ ಲೆಕ್ಕಕ್ಕೆ ಸೇರುತ್ತದೆ, ಬಲಗೆರೆಯದು ಸೇರುವುದಿಲ್ಲ. ಅದು ಪಕ್ಕದ ಮನೆಯ ಪಾಲು. ಶಾಲಿಗೂ ಅದನ್ನೇ ಅನ್ವಯಿಸಿದಳು. ಹದಿಮೂರು ಮನೆಗಳಿಗೆ ನಿಯಮ ಸರಿಯಾಗಿಯೇ ಇತ್ತು. ಬಲತುದಿಯ ಮನೆಗೆ ಮಾತ್ರ ಪಕ್ಕದ ಮನೆಯೇ ಇರಲಿಲ್ಲ. ಅಲ್ಲಿಯ ಸೊನ್ನೆ ಪ್ರತಿಸಲ ಬಿಟ್ಟುಹೋಗಿ, ಸಲಕ್ಕೊಂದು ಕುಣಿಕೆ ಕಡಿಮೆಯಾಯಿತು. ಸಾಲಿನ ಎಲ್ಲ ಕುಣಿಕೆ ಎಣಿಸಿದ್ದರೆ ತಿಳಿಯುತ್ತಿತ್ತು. ಆದರೆ ಅವಳು ಪ್ರಯೋಗಾಲಯದ ರೂಢಿಯಂತೆ ನಡುವಿನ ಐದು ಮನೆ ಎಣಿಸಿ ಉಳಿದದ್ದನ್ನು ಗುಣಾಕಾರದಿಂದ ತಿಳಿದು ನೆಮ್ಮದಿಯಾಗಿದ್ದಳು.

ಎಪ್ಪತ್ತೆರಡನೆಯ ಸಾಲಿನಲ್ಲಿ ಅತ್ತೆ ಅಂಚಿನ ಮೇಲೆ ಹೆಬ್ಬೆರಳು ಜಾರಿಸಿ ನಿಲ್ಲಿಸಿದರು.

“ಏನೇ ಇದು, ಈ ಕಡೆ ಒಳಗೊಳಗೇ ಹೋಗ್ತಿದೆ?”

ಪೂರ್ತಿ ಎಣಿಸಿದಳು. ನೂರ ಅರವತ್ತು. ಒಂಬತ್ತು ಕಡಿಮೆ. ಕಾರಣ ಹೇಳಿದಾಗ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಶಾಲಿಗೆ ರಕ್ತ ಪರೀಕ್ಷೆ ಮಾಡಿದ್ಯಲ್ಲೇ!” ಆಮೇಲೆ ನಗು ನಿಂತಿತು. “ಬಿಚ್ಚಬೇಕು. ಆದ್ರೆ ಹಳೇ ನೂಲು. ತಾಳುತ್ತೋ ಇಲ್ವೋ ನಾನರಿಯೆ.”

ಎರಡು ಸಂಜೆ ಬಿಚ್ಚಿದಳು. ನೂಲು ಮೂರು ಕಡೆ ಹರಿಯಿತು. ಗಂಟು ಹಾಕಿದರೆ ಜಾಲರಿಯಲ್ಲಿ ಕಾಣುತ್ತದೆ. ಅತ್ತೆ ಹೇಳಿಕೊಟ್ಟಂತೆ ತುದಿಗಳ ಎಳೆ ಬಿಡಿಸಿ, ಒಂದರ ಮೇಲೊಂದಿಟ್ಟು, ಒದ್ದೆ ಮಾಡಿ, ಅಂಗೈಗಳ ನಡುವೆ ಬಿಸಿಯಾಗುವವರೆಗೆ ಹೊಸೆದಳು. ಉಣ್ಣೆ ಉಣ್ಣೆಯನ್ನು ಹಿಡಿದುಕೊಂಡಿತು. ಎಷ್ಟು ಗಟ್ಟಿಯಾಗಿ ಎಂದು ಹೇಳುವಂತಿರಲಿಲ್ಲ. ಹೆಣೆದ ಶಾಲನ್ನು ಕೊನೆಗೆ ನೀರಿನಲ್ಲಿ ನೆನೆಸಿ ಎಳೆದು ಹರಡಬೇಕು. ಆಗ ಒಂದು ಬೆಸುಗೆ ಬಿಟ್ಟರೂ ಅಲ್ಲಿಂದ ಜಾಲರಿ ಬಾಯಿ ಬಿಡುತ್ತದೆ, ತೇಪೆಗೆ ಬೇರೆ ನೂಲಿಲ್ಲ. ಬೆಸೆದ ಸಾಲುಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಟ್ಟಳು. ಆ ಬಳಿಕ ಪ್ರತಿ ಸಾಲನ್ನೂ ಪೂರ್ತಿ ಎಣಿಸಿದಳು.

ನಾಲ್ಕು ತಿಂಗಳ ಮೇಲೆ ಇನ್ನೂರ ನಲವತ್ತನೆಯ ಸಾಲು ಮುಗಿದು ಕೊನೆಯ ಕುಣಿಕೆ ಕಡ್ಡಿಯಿಂದ ಇಳಿದಾಗ, ಕೈಯಲ್ಲಿದ್ದದ್ದು ಮುದುಡಿದ ಬೂದು ಮುದ್ದೆ.

“ಇಷ್ಟಕ್ಕೇನಾ?” ಎಂದ ಗಂಡ. “ಪಾತ್ರೆ ತಿಕ್ಕೋಕೆ ಆಗುತ್ತೆ ಬಿಡು.”

ಭಾನುವಾರ ಬೆಳಿಗ್ಗೆ ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಟ್ಟಳು. ಟವೆಲಿನಲ್ಲಿ ಸುತ್ತಿ ಒತ್ತಿದಳು. ಹಾಸಿಗೆಯ ಮೇಲೆ ಹರಡಿ ನಾಲ್ಕು ಮೂಲೆಗೆ ಗುಂಡುಪಿನ್ನು ಚುಚ್ಚಿ, ಅಂಚನ್ನು ಬೆರಳುದ್ದ ಬೆರಳುದ್ದ ಎಳೆಯತೊಡಗಿದಳು. ತೊಂಬತ್ತೆರಡು ಸೆಂಟಿಮೀಟರ್ ಇದ್ದದ್ದು ನೂರ ಹತ್ತಾಯಿತು, ನೂರ ನಲವತ್ತಾಯಿತು. ಮುಚ್ಚಿಕೊಂಡಿದ್ದ ತೂತುಗಳು ಒಂದೊಂದಾಗಿ ಕಣ್ಣು ತೆರೆದವು. ಎಲೆಯ ಮೇಲೆ ಎಲೆ, ಎಲೆಗಳ ನಡುವೆ ನರ. ತಾನೇ ಹೆಣೆದಿದ್ದರೂ ಅವಳು ಅದನ್ನು ಈವರೆಗೆ ನೋಡಿಯೇ ಇರಲಿಲ್ಲ. ನೂರ ಎಪ್ಪತ್ತಕ್ಕೆ ಕೈ ನಿಲ್ಲಿಸಿ ಉಸಿರು ಬಿಗಿಹಿಡಿದು ಕಾದಳು. ಎಲ್ಲೂ ಬಿಡಲಿಲ್ಲ.

ನಲವತ್ತು ಸಾವಿರದ ಐನೂರ ಅರವತ್ತು ಕುಣಿಕೆ. ಪ್ರತಿಯೊಂದೂ ಕೆಳಗಿನದನ್ನು ಹಿಡಿದು, ಮೇಲಿನದಕ್ಕೆ ಜೋತುಬಿದ್ದು ನಿಂತಿತ್ತು. ಅಂಕಿ ಅವಳಿಗೆ ಗೊತ್ತಿತ್ತು. ಇಷ್ಟೊಂದು ಇದೆ ಎಂದು ಗೊತ್ತಿರಲಿಲ್ಲ.

ಬಾಗಿಲಲ್ಲಿ ಗಂಡ ಚಹಾ ಲೋಟ ಹಿಡಿದು ನಿಂತಿದ್ದ. ಅವನನ್ನು ಸರಿಸಿ ಅತ್ತೆ ಒಳಗೆ ಬಂದರು. ತಲೆ ಓರೆ ಮಾಡಿ, ಕಣ್ಣಂಚಿನಿಂದ ಬಹಳ ಹೊತ್ತು ನೋಡಿದರು.

“ಮುಟ್ಟಲಾ?” ಎಂದು ಕೇಳಿದರು.

“ಇದೇನತ್ತೆ, ನನ್ನ ಕೇಳ್ತೀರಾ?”

“ಪುರುಸೊತ್ತಿತ್ತು ಕಣೇ,” ಎಂದರು ಅತ್ತೆ, ಹಾಸಿಗೆಯ ಪಕ್ಕ ಕೂರುತ್ತ. “ಭಯ ಇತ್ತು. ಕೆಡಿಸ್ಬಿಡ್ತೀನಿ ಅಂತ ಹತ್ತೊಂಬತ್ತು ವರ್ಷ ಪೆಟ್ಟಿಗೇಲೇ ಇಟ್ಟಿದ್ದೆ.” ಒದ್ದೆ ಜಾಲರಿಯ ಮೇಲೆ ಬೆರಳುಗಳು ನಡೆಯತೊಡಗಿದವು. “ಹರಿದಿದ್ದು ಎಲ್ಲಿ?”

ಅವಳು ಬಗ್ಗಿ ನೋಡಿದಳು. ಅವಳಿಗೂ ಕಾಣಲಿಲ್ಲ.

“ಸಾಲು ಬರ್ದಿಟ್ಟಿದ್ದೀನಿ. ಪುಸ್ತಕ ತರ್ಲಾ?”

“ಬೇಡ,” ಎಂದರು ಅತ್ತೆ. ಬೆರಳು ಮುಂದಿನ ಎಲೆಗೆ ದಾಟಿತ್ತು. “ಹುಡುಕ್ತಿರ್ತೀನಿ, ಬಿಡು.”