ಕಾಫಿ ಬೇಡ, ಏರಿತನಕ ಬನ್ನಿ

ನನ್ನಮ್ಮನ ಕಣ್ಣಿನ ದೃಷ್ಟಿ ಕಸಿದದ್ದು ಸಕ್ಕರೆ ಕಾಯಿಲೆ. ಹಾಗಾಗಿ ಬೇಲೂರಿನ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, "ಇನ್ನೂ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ. ದಿನಾ ಬಿರುಸಾಗಿ ನಡೀರಿ, ಬಾಯಿ ಕಟ್ಟಿ. ವಾಪಸ್ ಹೋದ್ರೂ ಹೋಗಬಹುದು" ಅಂದಾಗ ನನಗೆ ಅಮ್ಮನದೇ ನೆನಪಾಯಿತು. ಹಳೇಬೀಡಿಗೆ ಬಸ್ಸಿನಲ್ಲಿ ಬರುವಾಗ ಕಿಟಕಿಯಾಚೆಯ ಒಂದೊಂದು ಮರವನ್ನೂ ಕಣ್ತುಂಬ ನೋಡಿಕೊಂಡು ಬಂದೆ.

ಮರುದಿನವೇ ಶೂ ಹಾಕಿದೆ. ಸೀರೆಯ ಕೆಳಗೆ ಶೂ ನೋಡಿ ಬೀದಿಯೇ ನಕ್ಕಿತು. ಕೆಲಸವಿಲ್ಲದೆ ಸುಮ್ಮನೆ ನಡೆದುಹೋಗುವ ಹೆಂಗಸು ಅಂದರೆ ನಮ್ಮಲ್ಲಿ ಯಾರಿಗೂ ಅರ್ಥವಾಗದು. ಬಾಗಿಲಿಗೆ ನೀರು ಹಾಕುತ್ತಿದ್ದವರೆಲ್ಲ, "ಎಲ್ಲಿಗೆ ಮೇಡಂ? ಬನ್ನಿ, ಬಾಯಿ ಒದ್ದೆ ಮಾಡ್ಕೊಂಡು ಹೋಗಿ" ಅನ್ನುವವರೇ. ಕರೆದವರ ಮನೆಯಿಂದ ಬರಿಬಾಯಲ್ಲಿ ಬಂದರೆ ಅವರಿಗೆ ಬೇಜಾರು. ಅದೂ ನಾನು ಅವರ ಮಕ್ಕಳಿಗೆಲ್ಲ ಪಾಠ ಹೇಳಿದವಳು. ಸಕ್ಕರೆ ಬೇಡ ಅಂದರೆ ಇನ್ನೂ ಬೇಜಾರು. "ಸಪ್ಪೆ ಕಾಫಿ ಕೊಟ್ಟು ಕಳಿಸೋಕೆ ನಮ್ಗೇನು ಬಡತನ ಬಂದೈತಾ?" ಎಂದು ಇನ್ನೊಂದು ಚಮಚ ಹಾಕುತ್ತಿದ್ದರು. ಹೀಗೆ ಮನೆಯಿಂದ ಮನೆಗೆ ಕೂತು ಕುಡಿಯುತ್ತಾ, ಕೆರೆ ಏರಿ ಮುಟ್ಟದೆಯೇ ಹಿಂದಿರುಗುತ್ತಿದ್ದೆ. ಆದರೂ ವಾಕಿಂಗ್ ಹೋಗಿಬಂದೆನೆಂಬ ಜಂಬಕ್ಕೇನೂ ಕಡಿಮೆಯಿರಲಿಲ್ಲ.

ಮುಂದಿನ ಪರೀಕ್ಷೆಯಲ್ಲಿ ಸಕ್ಕರೆ ಇನ್ನಷ್ಟು ಏರಿತ್ತು. ಡಾಕ್ಟರು ನನ್ನ ನಡಿಗೆಯ ಕಥೆ ಕೇಳಿ ನಕ್ಕರು. "ಇದು ವಾಕಿಂಗ್ ಅಲ್ಲ ಮೇಡಂ, ಅರಿಶಿನ ಕುಂಕುಮಕ್ಕೆ ಹೋಗಿಬಂದ ಹಾಗಾಯ್ತು." ನನಗೆ ನಗು ಬರಲಿಲ್ಲ, ಭಯವಾಯಿತು. ಸಿಟ್ಟೂ ಬಂತು, ನನ್ನ ಮೇಲೇ.

ಮರುದಿನ ಮೊದಲ ಬಾಗಿಲಲ್ಲೇ ಹೇಳಿಬಿಟ್ಟೆ: "ಕಾಫಿ ಬೇಡ. ನನ್ನ ಮೇಲೆ ಪ್ರೀತಿ ಇದ್ರೆ ಏರಿತನಕ ಜೊತೆಗೆ ಬನ್ನಿ." ಆ ಮನೆಯಾಕೆ ರಂಗೋಲಿ ಡಬ್ಬಿ ಜಗುಲಿ ಮೇಲಿಟ್ಟು, "ಕರೀದೇ ಇದ್ರೆ ನಾವೆಂಗೆ ಬತ್ತೀವಿ?" ಅಂತ ಹೊರಟೇಬಿಟ್ಟಳು. ವಾರ ಕಳೆಯುವುದರೊಳಗೆ ಅರ್ಧ ಬೀದಿ ನನ್ನ ಹಿಂದಿತ್ತು. ನಿಂತು ಹರಟುವವರನ್ನು ಹಳೇ ಟೀಚರ ದನಿಯಲ್ಲೇ ಗದರಿಸಿ ನಡೆಸುತ್ತಿದ್ದೆ. ಏರಿಯ ಮೇಲೆ ಬೆವರಿಳಿಯುವಂತೆ ಕಾಲು ಹಾಕಿ, ಊರ ಸುದ್ದಿಯನ್ನೆಲ್ಲ ಅಲ್ಲೇ ಮುಗಿಸಿ ಬರುತ್ತಿದ್ದೆವು. ನಿಜ ಹೇಳಬೇಕೆಂದರೆ, ಬೆಳಗಾಗುವುದನ್ನೇ ಕಾಯುವಷ್ಟು ಖುಷಿಯಾಗುತ್ತಿತ್ತು.

ಕೆಲವು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟೆ. ಈ ಸಲ ರಿಪೋರ್ಟು ಸರಿಯಾಗಿತ್ತು. ನಡಿಗೆ ಮಾತ್ರ ನಿಲ್ಲಿಸಬೇಡಿ ಎಂದರು ಡಾಕ್ಟರು.

ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಬಾಣಂತನಕ್ಕೆ ಬಂದಿದ್ದ ನನ್ನ ಮಗಳ ಕೂಸು ಅಮ್ಮನ ಮಡಿಲಲ್ಲಿ ಮಲಗಿತ್ತು. ಅಮ್ಮ ಅದರ ಕೆನ್ನೆ, ಹುಬ್ಬು, ಮೂಗು ಬೆರಳಲ್ಲಿ ಸವರುತ್ತಾ, "ಇವ್ಳು ಯಾರ ಹಂಗವ್ಳೆ ಅಂತ ನಂಗೆ ಗೊತ್ತಾಗಲ್ಲ ಕಣೇ," ಅಂದಳು. "ನೀನು ನೋಡ್ತಿರು."